ಸೊಪ್ಪು ಮೊದಲು, ಮೇಕೆ ಆಮೇಲೆ

ಬೆಳಗಿನ ಆರು ಗಂಟೆ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ-ಮೇಕೆ ಸಂತೆಯಲ್ಲಿ ನೀವು ನಿಂತಿದ್ದೀರಿ. ಲಗೇಜ್ ಆಟೋಗಳು ರಿವರ್ಸ್ ಬಂದು ನಿಲ್ಲುತ್ತಿವೆ. ಹಿಂದಿನ ಬಾಗಿಲು ಬಿಚ್ಚಿದ್ದೇ ತಡ, ಮೇಕೆಗಳು ಒಂದರ ಮೈಮೇಲೊಂದು ಬಿದ್ದು ಕೆಳಕ್ಕೆ ಹಾರುತ್ತವೆ. ಹಿಕ್ಕೆ, ಗಂಜಲ, ಬೀಡಿ ಹೊಗೆ, ಹೋತದ ಘಾಟು, ಎಲ್ಲ ಬೆರೆತ ವಾಸನೆ. ಅದು ಬಟ್ಟೆಗೆ ಹಿಡಿದರೆ ಒಂದು ಒಗೆತಕ್ಕೆ ಬಿಡುವುದಿಲ್ಲ. ನಿಮ್ಮ ಪಕ್ಕದಲ್ಲಿ, ತಾವೇ ಒಂದು ಹಿಂಡು ಸಾಕಿರುವ ದೊಡ್ಡಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಲೆಯಡಿಕೆ ಜಗಿಯುತ್ತ, ಯಾವ ಮೇಕೆಯ ಮೇಲೂ ಕಣ್ಣಿಲ್ಲ ಎನ್ನುವ ಮುಖ ಮಾಡಿಕೊಂಡು ಎಲ್ಲ ಮೇಕೆಗಳನ್ನೂ ನೋಡುತ್ತಿದ್ದಾರೆ.

"ಜೇಬಿಗೆ ಕೈ ಹಾಕ್ಬೇಡ ಮಗ. ರೇಟೂ ಕೇಳ್ಬೇಡ. ಕೇಳಿದ್ಯೋ, ಕೊಳ್ಳೋಕೆ ಬಂದವ್ರೆ ಅಂತ ತಿಳ್ಕಂಬಿಡ್ತಾರೆ."

ಮಧುಗಿರಿ ಕಡೆ ನಿಮ್ಮದು ಎರಡೆಕರೆ ಜಮೀನು, ಒಂದು ಬೋರ್‌ವೆಲ್. ಸುತ್ತ ಮುಳ್ಳುಬೇಲಿ, ಮೂಲೆಯಲ್ಲಿ ಹಳೆಯ ಪಂಪ್‌ಸೆಟ್ ಮನೆ. ಮೇಕೆ ಸಾಕುವ ಆಸೆ ಮೊಬೈಲಿನಿಂದ ಶುರುವಾದದ್ದು. ಅದರಲ್ಲಿ ಮೊಣಕಾಲೆತ್ತರದ ಪಿಗ್ಮಿ ಮೇಕೆಗಳು ಸೋಫಾ ಮೇಲೆ ಕುಪ್ಪಳಿಸುತ್ತಿದ್ದವು. ದೊಡ್ಡಮ್ಮನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಇದು ಏನ್ ತಿಂತದೆ?" ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನೀವಿಬ್ಬರೂ ಇವತ್ತು ಇಲ್ಲಿಗೆ ಬಂದಿದ್ದೀರಿ ಅಂದರೂ ತಪ್ಪಿಲ್ಲ.

ಮೈದಾನದ ಒಂದು ಕಡೆ ನಂದಿದುರ್ಗ ಮೇಕೆಗಳು. ಬಹುಪಾಲು ಬಿಳಿ ಮೈ, ನಡುವೆ ಅಲ್ಲೊಂದು ಇಲ್ಲೊಂದು ಕರಿದು, ಕಂದು. ನಮ್ಮ ಬಯಲುಸೀಮೆಯ ಬಿಸಿಲಿಗೂ ಜಾಲಿ ಮುಳ್ಳಿಗೂ ಒಗ್ಗಿದ ತಳಿ ಇದು. ಬೀದರ್ ಕಡೆಯ ಬಿದ್ರಿ ಮೇಕೆಯ ಹಾಗೆ ಇದಕ್ಕೂ ಕರ್ನಾಟಕದ ತಳಿ ಅಂತ ಸರ್ಕಾರದ ನೋಂದಣಿ ಆಗಿದೆ. ಆಚೆ ಮರದ ಕೆಳಗೆ ಉದ್ದ ಕಿವಿ, ಗಿಣಿಮೂಗಿನ ಜಮುನಾಪಾರಿ ಹೋತವೊಂದು. ಅದರ ಸುತ್ತ ಫೋನ್ ಹಿಡಿದ ಹುಡುಗರು. ದೊಡ್ಡಮ್ಮ ಅತ್ತ ತಿರುಗಿಯೂ ನೋಡುವುದಿಲ್ಲ. "ಅದು ಫೋಟೋಕೆ. ನಮ್ಮೋವು ಹೊಟ್ಟೆಗೆ."

ಒಂದು ಹೆಣ್ಣು ಮೇಕೆಯ ಮುಂದೆ ಅವರು ನಿಲ್ಲುತ್ತಾರೆ. ಮಾಲೀಕ ಕಣ್ಣಿ ಹಿಡಿದು ಮುಂದಕ್ಕೆ ತಳ್ಳುತ್ತಾನೆ. ಅವರು ಮುಟ್ಟುವುದಿಲ್ಲ. "ಬಿಡಪ್ಪ, ನಡೀಲಿ" ಅನ್ನುತ್ತಾರೆ. ನಾಲ್ಕು ಹೆಜ್ಜೆ ನಡೆಸಿ ನೋಡುವುದು ಮೊದಲ ಪರೀಕ್ಷೆ. ಕುಂಟುತ್ತದೆಯೇ, ಹಿಂಡಿನಿಂದ ಹಿಂದೆ ಬೀಳುತ್ತದೆಯೇ, ಬೆನ್ನು ಗೂನು ಮಾಡಿ ನಿಲ್ಲುತ್ತದೆಯೇ? ಬಾಲ ಎತ್ತಿದಾಗ ಅದರ ಕೆಳಗೆ ಗೊಚ್ಚೆ ಅಂಟಿದ್ದರೆ ಭೇದಿ. ಮೂಗಿನಲ್ಲಿ ಸಿಂಬಳ ಗಟ್ಟಿಯಾಗಿ ಇಳಿಯುತ್ತಿದ್ದರೆ ಆ ಮೇಕೆಯಿಂದ ಮಾತ್ರ ಅಲ್ಲ, ಅದು ನಿಂತ ಸಾಲಿನಿಂದಲೇ ಆಚೆ ನಡೆಯಬೇಕು. ಪಿಪಿಆರ್ ಅಂತ ಡಾಕ್ಟರು ಹೇಳುವ, ಹಳ್ಳಿಯವರು ಹಿರೇಬೇನೆ ಅನ್ನುವ ರೋಗ ಶುರುವಾಗುವುದೇ ಜ್ವರ, ಸಿಂಬಳ, ಬಾಯಿಹುಣ್ಣು, ಭೇದಿಯಿಂದ. ಅದು ಹೊಕ್ಕ ಹಿಂಡು ಅರ್ಧಕ್ಕರ್ಧ ಖಾಲಿಯಾದದ್ದನ್ನು ದೊಡ್ಡಮ್ಮ ಕಣ್ಣಾರೆ ಕಂಡವರು.

ನಡಿಗೆ ಪಾಸು. ಈಗ ಕೈ ಇಡುತ್ತಾರೆ. ಎಡಗೈಯಲ್ಲಿ ದವಡೆ ಹಿಡಿದು ಹೆಬ್ಬೆರಳಿನಿಂದ ಕೆಳದುಟಿ ಬಗ್ಗಿಸಿ "ನೋಡಿಲ್ಲಿ" ಅನ್ನುತ್ತಾರೆ. ಮೇಕೆಗೆ ಮೇಲಿನ ಮುಂಭಾಗದಲ್ಲಿ ಹಲ್ಲೇ ಇಲ್ಲ, ಬರೀ ಗಟ್ಟಿ ವಸಡು. ಕೆಳಗೆ ಎಂಟು. ನಡುವಿನ ಎರಡು ಅಗಲವಾಗಿ ಎದ್ದಿವೆ, ಅವುಗಳ ಪಕ್ಕದ ಎರಡೂ ಅಷ್ಟೇ ದೊಡ್ಡವು, ಉಳಿದ ನಾಲ್ಕು ಸಣ್ಣ ಹಾಲುಹಲ್ಲು. ನಾಲ್ಕು ಹಲ್ಲಿನ ಮೇಕೆ, ಅಂದರೆ ಹೆಚ್ಚುಕಡಿಮೆ ಎರಡು ವರ್ಷ. ಎರಡೇ ದೊಡ್ಡ ಹಲ್ಲಿದ್ದರೆ ಒಂದರಿಂದ ಒಂದೂವರೆ ವರ್ಷ. ಎಂಟೂ ಬಂದು ಬಾಯಿಗೂಡಿದ್ದರೆ ಮೂರೂವರೆ, ನಾಲ್ಕು. ಅಲ್ಲಿಂದಾಚೆ ಹಲ್ಲು ಸವೆಯುತ್ತ, ಸಂದು ಬಿಡುತ್ತ ಹೋಗುತ್ತದೆ. ಮಾರುವವನು ಬಾಯಿ ತೆಗೆಯಲು ಬಿಡದಿದ್ದರೆ ಆ ಮೇಕೆಯ ವಯಸ್ಸು ನಿಮಗೆ ತಿಳಿದಂತೆಯೇ.

ಆಮೇಲೆ ಕಣ್ಣು. ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ, ಕೆಳಗಿನದನ್ನು ಜಗ್ಗಿದರೆ ಒಳಪೊರೆ ಹೊರಗೆ ಇಣುಕುತ್ತದೆ. ದಾಳಿಂಬೆ ಕಾಳಿನ ಹಾಗೆ ಕೆಂಪಗಿದ್ದರೆ ಒಳ್ಳೆಯದು. ಈ ಮೇಕೆಯದು ಬಿಳಿಚಿಕೊಂಡಿದೆ. ಗದ್ದದ ಕೆಳಗೆ ಒತ್ತಿ ನೋಡುತ್ತಾರೆ, ಮೆತ್ತಗೆ ನೀರು ತುಂಬಿದ ಹಾಗಿದೆ. ದೊಡ್ಡಮ್ಮ ಕೈ ಒರೆಸಿಕೊಂಡು ಮುಂದೆ ನಡೆಯುತ್ತಾರೆ. "ಒಳಗೆ ಹುಳ ಕೂತು ರಕ್ತ ಕುಡೀತಾವೆ."

ಇದಕ್ಕೆ ಶಾಸ್ತ್ರವೂ ಇದೆ. ಹಿಮಾಂಕಸ್ ಎನ್ನುವ ಜಂತು ಮೇಕೆಯ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಣ್ಣಿನ ಬಣ್ಣದಿಂದ ಅದರ ಹಾವಳಿಯನ್ನು ಅಳೆಯಲು ಕೆಂಪಿನಿಂದ ಬಿಳಿಯವರೆಗೆ ಐದು ಬಣ್ಣಗಳ ಚೀಟಿಯೊಂದಿದೆ. ಅದರ ಹೆಸರು ಫಮಾಚಾ. ದಕ್ಷಿಣ ಆಫ್ರಿಕಾದ ಪಶುವೈದ್ಯ ಫಾಫಾ ಮಲಾನ್ ಅವರ ಹೆಸರಿನ ಅಕ್ಷರಗಳಿಗೆ ಚಾರ್ಟ್ ಎಂಬುದರ ಅಕ್ಷರಗಳು ಸೇರಿ ಆ ಪದ ಹುಟ್ಟಿದೆ. ದೊಡ್ಡಮ್ಮನ ಕೈಯಲ್ಲಿ ಆ ಚೀಟಿ ಇಲ್ಲ, ಕಣ್ಣಿದೆ.

ಆಚೆ ವ್ಯಾಪಾರ ಕುದುರುತ್ತಿದೆ. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೊಳ್ಳುವವನ ಕೈಮೇಲೆ ಹಾಕುತ್ತಾನೆ. ಟವೆಲ್ ಒಳಗೆ ಬೆರಳುಗಳು ಮಾತಾಡುತ್ತವೆ. ಹೊರಗೆ ಬರೀ "ಆಯ್ತಾ?" "ಆಗಲ್ಲ ಬಿಡಣ್ಣ." ಪಕ್ಕದಲ್ಲಿ ನಿಂತವನಿಗೆ ಬೆಲೆ ಗೊತ್ತಾಗಬಾರದು. ನಿಮಗಂತೂ ಗೊತ್ತಾಗುವುದಿಲ್ಲ. ಇನ್ನೊಬ್ಬ ಎರಡು ಮರಿ ಸಮೇತ ತಾಯಿಯನ್ನು ತಂದಿದ್ದಾನೆ. ಮರಿಗಳು ಚಂದ, ತಾಯಿಯ ಕೆಚ್ಚಲು ತುಂಬಿ ನಿಂತಿದೆ. ನಿಮ್ಮ ಮನಸ್ಸು ಕರಗುತ್ತಿರುವುದು ಮುಖದಲ್ಲೇ ಕಾಣುತ್ತದೆ. ದೊಡ್ಡಮ್ಮ ಒಂದು ಮರಿಯನ್ನು ಎತ್ತಿ ಮೊಲೆಗೆ ಬಿಡುತ್ತಾರೆ. ತಾಯಿ ಮೂಸಿ ನೋಡಿ ಹಿಂಗಾಲು ಝಾಡಿಸುತ್ತದೆ. ಬೇರೆ ಯಾವುದರದೋ ಮರಿ. ಕೆಚ್ಚಲು ತುಂಬಿ ಕಾಣಲೆಂದು ಹಾಲು ಕರೆಯದೆ ಬಿಟ್ಟು ತಂದಿದ್ದಾನೆ. ಬೆಳಿಗ್ಗೆ ಉಪ್ಪು ನೆಕ್ಕಿಸಿ, ಹೊಟ್ಟೆ ತುಂಬ ನೀರು ಕುಡಿಸಿ ತೂಕ ಬರಿಸುವವರೂ ಉಂಟು. ಎಲ್ಲರೂ ಹಾಗೆ ಅಂತಲ್ಲ. ಆದರೆ ಹೊಸಬರನ್ನು ಗುರುತಿಸಲು ಸಂತೆಗೆ ಎರಡು ನಿಮಿಷ ಸಾಕು.

ಒಂಬತ್ತು ಗಂಟೆಯ ಹೊತ್ತಿಗೆ ಜನ ಕರಗುತ್ತಾರೆ. ನೀವು ಬರಿಗೈಯಲ್ಲಿ ಬಸ್ ಹತ್ತುತ್ತೀರಿ.

"ಸಂತೆ ಇರೋದು ರೇಟ್ ಕಲಿಯೋಕೆ ಮಗ. ಮೊದಲನೇ ಮೇಕೆ ಹಟ್ಟೀಲಿ ತಗೋಬೇಕು. ಅದ್ರ ಅಮ್ಮ ಯಾವ್ದು, ತಂಗಿ ಯಾವ್ದು, ಅಲ್ಲೇ ಕಾಣ್ತದೆ."

ನನ್ನನ್ನು ಕೇಳಿದರೆ ಇದು ನೂರಕ್ಕೆ ನೂರು ಸರಿ. ಸಂತೆಯಲ್ಲಿ ಹತ್ತೂರಿನ ಹಿಂಡು ಒಂದೇ ಬಾನಿಯ ನೀರು ಕುಡಿಯುತ್ತದೆ. ಅಲ್ಲಿ ಕೊಂಡ ಮೇಕೆಯ ಜೊತೆ ಇನ್ನೇನೇನು ಮನೆಗೆ ಬರುತ್ತದೆ ಅನ್ನುವುದು ವಾರ ಕಳೆದ ಮೇಲೆ ತಿಳಿಯುತ್ತದೆ. ಹೊಸದಾಗಿ ಶುರು ಮಾಡಿದವರ ಮೇಕೆ ಸಾಯುವುದು ಹೆಚ್ಚಾಗಿ ಮೊದಲ ತಿಂಗಳಲ್ಲೇ.

ಮನೆಗೆ ಬಂದವರೇ ದೊಡ್ಡಮ್ಮ ಕಾಫಿ ಕೂಡ ಕುಡಿಯದೆ ಹೊಲದ ಸುತ್ತ ನಡೆಯುತ್ತಾರೆ. ನೀವು ಹಿಂದೆ. ವೈಶಾಖದ ಬಿಸಿಲು. ಬೇಲಿಯಲ್ಲಿ ಒಂದು ಜಾಲಿ, ಎರಡು ಹೊಂಗೆ, ಬಾವಿ ಕಡೆ ಒಂದು ಹಲಸು. "ಮಾರ್ಚ್ ತಿಂಗಳಲ್ಲಿ ಇವಕ್ಕೆ ಏನಾಕ್ತೀಯ? ಹೊಂಗೆ ಮೂಸೂ ನೋಡಲ್ಲ." ಅಲ್ಲೇ ನಿಮಗೆ ಲೆಕ್ಕ ಹಾಕಿಸುತ್ತಾರೆ. ಮೂವತ್ತು ಕಿಲೋ ತೂಗುವ ಮೇಕೆ ದಿನಕ್ಕೆ ನಾಲ್ಕೈದು ಕಿಲೋ ಹಸಿರು ತಿನ್ನುತ್ತದೆ. ಒಣ ಮೇವು ಸೇರಿಸಿದರೆ ಹಸಿರು ಒಂದಿಷ್ಟು ಕಡಿಮೆ ಸಾಕು. ನಾಲ್ಕು ಮೇಕೆ ಅಂದರೆ ದಿನಕ್ಕೆ ಒಂದು ದೊಡ್ಡ ಹೊರೆ. ವರ್ಷದ ಮುನ್ನೂರ ಅರವತ್ತೈದು ದಿನವೂ, ಮದುವೆ ಮನೆಗೆ ಹೋದ ದಿನವೂ.

ಹಾಗಾಗಿ ಮುಂಗಾರಿನ ಮೊದಲ ಮಳೆಗೆ ನೀವು ಮೇಕೆ ಬದಲು ಬೀಜ ತರುತ್ತೀರಿ. ಬೇಲಿ ಗುಂಟ ಅಗಸೆ, ಅದರ ಒಳಸಾಲಿಗೆ ಸುಬಾಬುಲ್, ಬದುವಿಗೆ ಗೊಬ್ಬರಗಿಡದ ಕಡ್ಡಿ, ಮನೆ ಹಿಂದೆ ನುಗ್ಗೆ. ಕೊಳವೆಬಾವಿಯ ನೀರು ಹರಿಯುವ ಕಡೆ ಎರಡು ಗುಂಟೆ ಕುದುರೆಮೆಂತೆ. ಸುಬಾಬುಲ್ ಒಂದನ್ನೇ ಹೊಟ್ಟೆ ತುಂಬ ಹಾಕುವಂತಿಲ್ಲ. ಅದರಲ್ಲಿರುವ ಮಿಮೋಸಿನ್ ಎಂಬ ವಿಷಾಂಶದಿಂದ ಕೂದಲು ಉದುರುತ್ತದೆ, ಮೈ ಇಳಿಯುತ್ತದೆ. ಒಟ್ಟು ಮೇವಿನಲ್ಲಿ ಮೂರನೇ ಒಂದು ಪಾಲು ಮೀರದಿದ್ದರೆ ಚಿಂತೆಯಿಲ್ಲ. ಬೇಲಿಯಲ್ಲಿ ಯಾರೋ ಚಂದಕ್ಕೆ ನೆಟ್ಟ ಕಣಗಿಲೆ ಇತ್ತು. ದೊಡ್ಡಮ್ಮ ಅದನ್ನು ಬುಡಸಮೇತ ಕೀಳಿಸುತ್ತಾರೆ. ಪಕ್ಕದ ಹೊಲದ ಎಳೆ ಜೋಳದ ಪೈರಿಗೂ ಮೇಕೆ ಬಾಯಿ ಹಾಕಬಾರದು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ ಸಯನೈಡ್ ವಿಷ ಕೂಡಿರುತ್ತದೆ, ಗಳಿಗೆಯೊಳಗೆ ಮೇಕೆ ಉರುಳುತ್ತದೆ.

ಗಿಡ ಬೆಳೆಯುವಷ್ಟರಲ್ಲಿ ಕೊಟ್ಟಿಗೆ. ಇಲ್ಲಿ ಹಣ ಸುರಿಯುವವರೇ ಹೆಚ್ಚು. ಪ್ಲಾಸ್ಟಿಕ್ ನೆಲಹಾಸು, ಕಬ್ಬಿಣದ ಕಂಬ, ಬಣ್ಣದ ಶೀಟು, ಮುಂದೆ ಒಂದು ಬೋರ್ಡು. ಮೇಕೆಗೆ ಬೇಕಾದದ್ದು ಒಣ ನೆಲ, ಗಾಳಿ, ರಾತ್ರಿಗೆ ಭದ್ರ ಬಾಗಿಲು. ದೊಡ್ಡ ಮೇಕೆಯೊಂದಕ್ಕೆ ಹತ್ತು ಚದರಡಿ ನೆರಳು, ಅದರ ಎರಡರಷ್ಟು ಬಯಲು ಅಂಗಳ. ನಿಮ್ಮ ಪಂಪ್‌ಸೆಟ್ ಮನೆಗೆ ಒತ್ತಿ, ಪೂರ್ವ-ಪಶ್ಚಿಮ ಉದ್ದಕ್ಕೆ ಒಂದು ಇಳಿಜಾರು ಮಾಡು ಇಳಿಸುತ್ತೀರಿ. ಒಳಗೆ ಮೂರಡಿ ಎತ್ತರಕ್ಕೆ ಅಟ್ಟಣಿಗೆ. ಅದಕ್ಕೆ ಹಾಸುವುದು ಅಡಿಕೆ ದಬ್ಬೆ. ತುಮಕೂರು ಸೀಮೆಯಲ್ಲಿ ಅದಕ್ಕೇನು ಬರ! ದಬ್ಬೆಗಳ ನಡುವೆ ಹಿಕ್ಕೆ ಕೆಳಗೆ ಬೀಳಬೇಕು, ಮರಿಯ ಕಾಲು ಸಿಕ್ಕಬಾರದು. ಕಿರುಬೆರಳು ತೂರಿದರೆ ಸಾಕು. ಬಡಗಿ ದಬ್ಬೆ ಹೊಡೆಯುತ್ತಿರುವಾಗ ದೊಡ್ಡಮ್ಮ ಒಂದೊಂದೇ ಸಂದಿಗೆ ಬೆರಳು ಹಾಕಿ ನೋಡುತ್ತ ಬರುತ್ತಾರೆ. ಎರಡು ಕಡೆ ಕೀಳಿಸಿ ಮತ್ತೆ ಹೊಡೆಸುತ್ತಾರೆ. ಬಡಗಿಗೆ ಸಿಟ್ಟು, ಅವರಿಗೆ ಲೆಕ್ಕಕ್ಕಿಲ್ಲ.

ಗೋಡೆಯ ಮೇಲ್ಭಾಗಕ್ಕೆ, ಮಾಡಿನವರೆಗೂ ಗಟ್ಟಿ ಜಾಲರಿ. ಈ ಸೀಮೆಯ ಗುಡ್ಡಗಳಲ್ಲಿ ಚಿರತೆ ಇವೆ. ಆರಡಿ ಗೋಡೆ ಅದಕ್ಕೆ ಆಟ. ಚಿರತೆಗಿಂತ ಹೆಚ್ಚು ಮೇಕೆ ತಿನ್ನುವುದು ಬೀದಿನಾಯಿ ಅನ್ನುವುದನ್ನೂ ಮರೆಯಬೇಡಿ.

ಸಂಕ್ರಾಂತಿ ಕಳೆದಿದೆ. ಅಗಸೆ ತಲೆ ಮೇಲೆ ಹೋಗಿದೆ. ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ತೊಗರಿ ಹೊಟ್ಟು ಅಟ್ಟ ಸೇರಿವೆ. "ಈಗ ನಡಿ" ಅನ್ನುತ್ತಾರೆ ದೊಡ್ಡಮ್ಮ.

ಊರಾಚೆಯ ಹಟ್ಟಿ. ಕಳ್ಳಿ ಬೇಲಿಯ ರೊಪ್ಪ, ಒಳಗೆ ಮೂವತ್ತು ನಲವತ್ತು ಮೇಕೆ, ಅಂಗಳದಲ್ಲಿ ಮಲಗಿದ ನಾಯಿ ಎದ್ದು ಬೊಗಳಿ ಮತ್ತೆ ಮಲಗುತ್ತದೆ. ಮನೆಯ ಹೆಂಗಸು ಮಜ್ಜಿಗೆ ಕೊಡುತ್ತಾರೆ. ಮಾತು ಮಳೆಯಿಂದ ಶುರುವಾಗಿ, ಮೊಮ್ಮಗಳ ಶಾಲೆಗೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ಮೇಕೆಗೆ ಬರುತ್ತದೆ. "ಇದು ಎರಡು ಸೂಲು ಈದದೆ, ಎರಡ್ಸಲಾನೂ ಅವಳಿ. ಅಗೋ, ಆ ಕರೀದು ಅದ್ರ ಮಗಳು." ತಾಯಿಯನ್ನೂ ಮಗಳನ್ನೂ ಒಟ್ಟಿಗೆ ನೋಡಿ ಕೊಳ್ಳುವ ಭಾಗ್ಯ ಸಂತೆಯಲ್ಲಿಲ್ಲ. ದೊಡ್ಡಮ್ಮ ಕೆಚ್ಚಲು ಮುಟ್ಟುತ್ತಾರೆ. ಎರಡೂ ಕಡೆ ಮೆತ್ತಗಿದೆ, ಗಂಟಿಲ್ಲ, ಮೊಲೆಗಳು ಸಮ. ಗೊರಸು ಎತ್ತಿ ಸಂದಿನಲ್ಲಿ ಮೂಸುತ್ತಾರೆ. ಕೊಳೆತ ವಾಸನೆ ಇಲ್ಲ.

"ಹಿರೇಬೇನೆ ಸೂಜಿ ಹಾಕ್ಸಿದ್ದೀರೇನಮ್ಮ?"

"ಹೋದೊರ್ಷ ಡಾಕ್ಟ್ರು ಬಂದು ಎಲ್ಲಕ್ಕೂ ಹಾಕವ್ರೆ."

ತೂಕ ಹೇಗೆ ತಿಳಿಯುವುದು? ತಕ್ಕಡಿ ಇಲ್ಲ. ಜೇಬಿನಿಂದ ದರ್ಜಿಯ ಟೇಪು ತೆಗೆಯಿರಿ. ಮುಂಗಾಲ ಹಿಂದೆ ಎದೆಯ ಸುತ್ತಳತೆ 28 ಇಂಚು. ಭುಜದ ಮೂಳೆಯಿಂದ ಹಿಂಭಾಗದ ಮೂಳೆಯವರೆಗೆ ಉದ್ದ 26 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿ. ಸುಮಾರು 31 ಕಿಲೋ. ಕಣ್ಣಂದಾಜಿನಲ್ಲಿ ದೊಡ್ಡಮ್ಮ ಹೇಳಿದ್ದು ಮೂವತ್ತು. ಹಟ್ಟಿಯ ಹೆಂಗಸು ಟೇಪು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ಮೂರು ಹೆಣ್ಣು ಕೊಳ್ಳುತ್ತೀರಿ. ಒಂದು ಮೂರು ತಿಂಗಳ ಗಬ್ಬ. ಹೋತ ಬೇಡ. ಮೂರು ಮೇಕೆಗೆ ಒಂದು ಹೋತ ಸಾಕುವುದು ದಂಡ, ಪಕ್ಕದೂರಿನಲ್ಲಿ ಒಳ್ಳೆಯದೊಂದಿದೆ. ಇದೇ ಹಟ್ಟಿಯ ಹೋತಕ್ಕೆ ಬಿಟ್ಟರೆ ಅಪ್ಪ-ಮಗಳ ಸಂಬಂಧವಾಗಿ ಮರಿ ಸೊರಗುತ್ತದೆ. ಒಂದೇ ಮೇಕೆ ಕೊಂಡು ಒಯ್ಯುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂಟಿ ಮೇಕೆ ಹಗಲೂ ರಾತ್ರಿ ಅರಚುತ್ತದೆ, ಮೇವು ಬಿಡುತ್ತದೆ. ಅದಕ್ಕೆ ಹಿಂಡೇ ಧೈರ್ಯ.

ಈಗ ಆ ಮೊಬೈಲಿನ ಪಿಗ್ಮಿ ಮೇಕೆಯ ಮಾತನ್ನೂ ಮುಗಿಸಿಬಿಡೋಣ. ಅದರ ಮೂಲ ಪಶ್ಚಿಮ ಆಫ್ರಿಕಾ, ಮುಖ್ಯವಾಗಿ ಕ್ಯಾಮರೂನ್ ಸೀಮೆಯ ಗಿಡ್ಡ ಮೇಕೆ. 1950ರ ದಶಕದಲ್ಲಿ ಯುರೋಪಿನ ಮೃಗಾಲಯಗಳಿಂದ ಅಮೆರಿಕಕ್ಕೆ ಹೋಯಿತು. ಅಲ್ಲಿ ನೋಡುವ ಪ್ರಾಣಿಯಾಗಿದ್ದದ್ದು ಸಾಕುವ ಪ್ರಾಣಿಯಾಯಿತು. 1975ರಲ್ಲಿ ಅದಕ್ಕೆಂದೇ ಅಲ್ಲಿ ರಾಷ್ಟ್ರೀಯ ಸಂಘವೂ ಹುಟ್ಟಿತು. ಭುಜದವರೆಗೆ ಎರಡಡಿ ಮುಟ್ಟದ ಎತ್ತರ, ಗುಂಡು ಹೊಟ್ಟೆ, ಗಿಡ್ಡ ಕಾಲು. ಚಂದ ಹೌದು. ಆದರೆ ಅದಕ್ಕೂ ಜೊತೆ ಬೇಕು, ಅದಕ್ಕೂ ಜಂತು ಬರುತ್ತದೆ, ಗೊರಸು ಬೆಳೆಯುತ್ತದೆ, ಅದೂ ಐದು ತಿಂಗಳಿಗೆ ಈಯುತ್ತದೆ. ಗಿಡ್ಡ ಮೇಕೆಯೇ ಬೇಕೆಂದರೆ ನಮ್ಮ ದೇಶದ್ದೇ ಬಂಗಾಳದ ಕರಿ ಮೇಕೆ ಇದೆ. ಅವಳಿ ತ್ರಿವಳಿ ಹಾಕುವುದರಲ್ಲಿ ಅದಕ್ಕೆ ದೊಡ್ಡ ಹೆಸರು, ಅದರ ಮಾಂಸ ಮತ್ತು ಚರ್ಮಕ್ಕೂ ಅಷ್ಟೇ. ಯಾವುದೋ ಬೆರಕೆ ಮರಿಯನ್ನು ಪಿಗ್ಮಿ ಅಂತ ಹೇಳಿ ಯಾರಾದರೂ ಬೆಲೆ ಏರಿಸಿದರೆ, ಹೆಸರಿಗೆ ದುಡ್ಡು ಕೊಡಬೇಡಿ.

ಹಟ್ಟಿಯಿಂದ ಹೊರಡುವುದು ಸಂಜೆ, ಬಿಸಿಲಿಳಿದ ಮೇಲೆ. ಆಟೋದ ತಗಡಿನ ಮೇಲೆ ಹುಲ್ಲು ಹಾಸಿದ್ದೀರಿ. ಕಣ್ಣಿಯನ್ನು ಗಿಡ್ಡವಾಗಿ, ಬಿದ್ದರೂ ಕುತ್ತಿಗೆ ಬಿಗಿಯದ ಹಾಗೆ ಕಟ್ಟಿದ್ದೀರಿ. ಗಬ್ಬದ ಮೇಕೆಗೆ ಒಂದು ಮೂಲೆ ಬೇರೆ. ಮನೆಗೆ ಬಂದ ಕೂಡಲೇ ಬೂಸ ಸುರಿಯುವುದಿಲ್ಲ. ಬೆಲ್ಲ, ಚಿಟಿಕೆ ಉಪ್ಪು ಕದಡಿದ ನೀರು, ಆಮೇಲೆ ಹಟ್ಟಿಯಿಂದಲೇ ತಂದ, ಅವು ತಿಂದು ರೂಢಿಯಾದ ಒಂದು ಕಂತೆ ಮೇವು. ಮೇಕೆಯ ಹೊಟ್ಟೆಗೆ ಹೊಸ ಮೇವನ್ನು ದಿನದಿನವೂ ಸ್ವಲ್ಪಸ್ವಲ್ಪವೇ ಪರಿಚಯ ಮಾಡಿಸಬೇಕು.

ಅಗಸೆ ಕೊಂಬೆಯನ್ನು ನೆಲಕ್ಕೆ ಹಾಕಿ ನೋಡಿ. ಮೂರೂ ಬಂದು ಮೂಸುತ್ತವೆ, ಎರಡು ಎಲೆ ಕಿತ್ತು ತುಳಿದು ಹೋಗುತ್ತವೆ. ತುಳಿದದ್ದನ್ನು ಮತ್ತೆ ಮುಟ್ಟುವುದಿಲ್ಲ. ಅದೇ ಕೊಂಬೆಯನ್ನು ಕಟ್ಟಿ ಅವುಗಳ ತಲೆ ಮಟ್ಟಕ್ಕೆ ನೇತುಹಾಕಿ. ಮುಂಗಾಲನ್ನು ಗೋಡೆಗೆ ಊರಿ ಎದ್ದು ನಿಲ್ಲುತ್ತವೆ. ಮೇಲ್ದುಟಿ ಎಡಕ್ಕೂ ಬಲಕ್ಕೂ ಸರಿದು ಎಲೆಯನ್ನಷ್ಟೇ ಆರಿಸುತ್ತದೆ, ನಾಲಿಗೆ ಸುತ್ತಿ ಎಳೆಯುತ್ತದೆ. ಗಳಿಗೆಯಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಕುರಿ ತಲೆ ತಗ್ಗಿಸಿ ಮೇಯುವ ಪ್ರಾಣಿ, ಮೇಕೆ ತಲೆ ಎತ್ತಿ. ಜಂತಿನ ಮರಿಗಳು ಇರುವುದು ನೆಲದ ಗಿಡ್ಡ ಹುಲ್ಲಿನಲ್ಲಿ, ಅದರಲ್ಲೂ ಇಬ್ಬನಿಯ ಹೊತ್ತಿನಲ್ಲಿ. ಹಾಗಾಗಿ ನೇತುಹಾಕಿದ ಮೇವು ಅರ್ಧ ಔಷಧಿ ಇದ್ದಂತೆ, ಬಿಸಿಲೇರಿದ ಮೇಲೆ ಮೇಯಲು ಬಿಡುವುದು ಇನ್ನರ್ಧ.

ಮುಂದಿನ ಮೂರು ವಾರ ಈ ಮೂರೂ ದೊಡ್ಡಮ್ಮನ ಹಿಂಡಿನ ಹತ್ತಿರ ಸುಳಿಯುವಂತಿಲ್ಲ. ಬೇರೆ ಬಾನಿ, ಬೇರೆ ಗೋದಲಿ. ಬೆಳಿಗ್ಗೆ ಎದ್ದು ನೀವು ಮೊದಲು ನೋಡುವುದು ಅಟ್ಟಣಿಗೆಯ ಕೆಳಗೆ. ಹಿಕ್ಕೆ ಬಿಡಿಬಿಡಿಯಾಗಿ, ಗಟ್ಟಿಯಾಗಿ ಬಿದ್ದಿದ್ದರೆ ನೆಮ್ಮದಿ. ಹೋಬಳಿಯ ಪಶು ಆಸ್ಪತ್ರೆಗೆ ಒಂದಿಷ್ಟು ಹಿಕ್ಕೆ ಒಯ್ದು ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದ ಜಂತಿನ ಔಷಧಿಯನ್ನು ಹೇಳಿದ ಅಳತೆಯಲ್ಲಿ ಕುಡಿಸಿ. ತಿಂಗಳಿಗೊಮ್ಮೆ ಅಂಗಡಿಯಿಂದ ಒಂದೇ ಬಾಟಲಿ ತಂದು ಸುರಿಯುವ ಅಭ್ಯಾಸ ಕೆಟ್ಟದ್ದು. ಹುಳ ಅದಕ್ಕೆ ಒಗ್ಗಿಬಿಡುತ್ತದೆ, ಆಮೇಲೆ ಬೇಕಾದಾಗ ಆ ಔಷಧಿ ನಾಟುವುದಿಲ್ಲ. ಹಿರೇಬೇನೆಯ ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಕರುಳುಬೇನೆಯದನ್ನು ವರ್ಷವರ್ಷವೂ ಮುಂಗಾರಿಗೆ ಮುಂಚೆ ಹಾಕಿಸಬೇಕು. ಮಳೆ ಬಿದ್ದು ಎಳೆಹುಲ್ಲು ಎದ್ದಾಗ ಹೊಟ್ಟೆಬಾಕ ಮರಿಗಳೇ ಮೊದಲು ಸಾಯುವುದು ಅದರಿಂದ.

ಇನ್ನೊಂದು ಸಾವು ಇದೆ, ಅದು ಪ್ರೀತಿಯಿಂದ ಬರುವುದು. ಗೃಹಪ್ರವೇಶದಲ್ಲಿ ಉಳಿದ ಅನ್ನ, ರಾಗಿ ಮುದ್ದೆ, ಕಣದಲ್ಲಿ ಚೆಲ್ಲಿದ ಕಾಳು. ಮೇಕೆ ಆಸೆಯಿಂದ ತಿನ್ನುತ್ತದೆ. ಹೊಟ್ಟೆಯಲ್ಲಿ ಅದು ಹುಳಿಯಾಗಿ, ಆಮ್ಲ ಏರಿ, ಮೇಕೆ ಹಲ್ಲು ಕಡಿಯುತ್ತ ಮಲಗುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಕದಡಿ ಕುಡಿಸುವುದು ಡಾಕ್ಟರು ಬರುವವರೆಗಿನ ಉಪಾಯ, ಅಷ್ಟೇ. ಮನೆಗೆ ಬರುವ ನೆಂಟರಿಗೆ ಇದನ್ನು ಮೊದಲೇ ಹೇಳಿಡಿ.

ಗಬ್ಬದ ಮೇಕೆಗೆ ದಿನ ತುಂಬುತ್ತಿದೆ. ಮೇಕೆ ಗಬ್ಬ ಹೊರುವುದು ಸುಮಾರು 150 ದಿನ. ಸಂಜೆಯಿಂದ ಅದು ಮೇವು ಮುಟ್ಟಿಲ್ಲ. ಕಾಲಿನಿಂದ ನೆಲ ಕೆರೆಯುತ್ತದೆ, ಮಲಗುತ್ತದೆ, ಏಳುತ್ತದೆ, ಹಿಂದಕ್ಕೆ ತಿರುಗಿ ತನ್ನ ಪಕ್ಕೆಯನ್ನು ತಾನೇ ನೋಡಿಕೊಳ್ಳುತ್ತದೆ. ಬಾಲದ ಬುಡದ ಎರಡು ಪಕ್ಕದ ನರ ಸಡಿಲವಾಗಿ ಗುಳಿ ಬಿದ್ದಿದೆ. "ಇವತ್ತು ರಾತ್ರಿನೇ" ಅನ್ನುತ್ತಾರೆ ದೊಡ್ಡಮ್ಮ, ಕಂಬಳಿ ಹೊದ್ದು ಕೊಟ್ಟಿಗೆಯ ಮೂಲೆಯಲ್ಲಿ ಕೂತು.

ನೆಲಕ್ಕೆ ಒಣಹುಲ್ಲು ಹಾಸಿದೆ. ಮೊಬೈಲ್ ಟಾರ್ಚನ್ನು ಮೇಕೆಯ ಮುಖಕ್ಕೆ ಹಿಡಿಯಬೇಡಿ, ಗೋಡೆಗೆ ಹಿಡಿಯಿರಿ. ನಡುರಾತ್ರಿ ದಾಟಿದ ಮೇಲೆ ನೀರಿನ ಚೀಲ ಇಣುಕುತ್ತದೆ, ಒಡೆಯುತ್ತದೆ. ಮೇಕೆ ಮಲಗಿ ಕಾಲು ಚಾಚಿ ಮುಕ್ಕುತ್ತದೆ. ಎರಡು ಪುಟ್ಟ ಗೊರಸು ಕಾಣಿಸುತ್ತವೆ, ಅವುಗಳ ಮೇಲೆ ಒರಗಿದ ಮೂಗು. ಅದೇ ಸರಿಯಾದ ದಾರಿ. ನಿಮ್ಮ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ದೊಡ್ಡಮ್ಮ ಅದನ್ನು ಹೊಡೆದು ಕೆಳಗಿಳಿಸುತ್ತಾರೆ. "ಎಳೀಬೇಡ. ಅದಕ್ಕೆ ಗೊತ್ತು." ಮುಕ್ಕಲು ಶುರುವಾಗಿ ಅರ್ಧ ಗಂಟೆ ದಾಟಿದರೂ ಮರಿ ಮುಂದೆ ಸರಿಯದಿದ್ದರೆ, ಬರೀ ಒಂದು ಕಾಲೋ ಬರೀ ಬಾಲವೋ ಕಂಡರೆ, ಆಗ ಡಾಕ್ಟರಿಗೆ ಫೋನು. ಇವತ್ತು ಅದು ಬೇಕಾಗುವುದಿಲ್ಲ. ಇನ್ನೊಂದು ಮುಕ್ಕು, ಭುಜ ದಾಟುತ್ತದೆ, ಮರಿ ಹುಲ್ಲಿನ ಮೇಲೆ ಜಾರಿ ಬೀಳುತ್ತದೆ.

ದೊಡ್ಡಮ್ಮ ಹಳೇ ಪಂಚೆಯ ತುಂಡಿನಿಂದ ಮೊದಲು ಮೂಗು, ಬಾಯಿಯ ಲೋಳೆ ತೆಗೆಯುತ್ತಾರೆ. ಮರಿ ಸೀನುತ್ತದೆ. ಅದನ್ನು ತಾಯಿಯ ಮುಖದ ಮುಂದೆ ಇಡುತ್ತಾರೆ. ತಾಯಿ ಗುರುಗುಟ್ಟುವ ಒಂದು ಸಣ್ಣ ದನಿ ತೆಗೆದು ನೆಕ್ಕಲು ತೊಡಗುತ್ತದೆ. ಇಷ್ಟು ದಿನ ನೀವು ಅದರ ಬಾಯಲ್ಲಿ ಈ ದನಿ ಕೇಳಿರಲಿಲ್ಲ. ಹೊಕ್ಕುಳಬಳ್ಳಿಯನ್ನು ಎರಡಿಂಚು ಬಿಟ್ಟು ದಾರ ಕಟ್ಟಿ, ಹೊಸ ಬ್ಲೇಡಿನಲ್ಲಿ ಕತ್ತರಿಸಿ, ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದುತ್ತೀರಿ. ಇದು ನಿಮ್ಮ ಪಾಲಿನ ಕೆಲಸ, ಕೈ ನಡುಗಿದರೂ ಪರವಾಗಿಲ್ಲ. ಅಷ್ಟರಲ್ಲಿ ಎರಡನೆಯದು ಬರುತ್ತದೆ, ಮೊದಲನೆಯದಕ್ಕಿಂತ ಸುಲಭವಾಗಿ.

ಇನ್ನು ಗಿಣ್ಣುಹಾಲು. ಕಸ ಬೀಳಲಿ, ಆಮೇಲೆ ಕುಡಿಸೋಣ ಅನ್ನುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಅದನ್ನು ಬಿಟ್ಟೇಬಿಡಬೇಕು. ತಾಯಿಯ ಹೊಟ್ಟೆಯಲ್ಲಿದ್ದಾಗ ಮರಿಗೆ ರೋಗ ತಡೆಯುವ ಶಕ್ತಿ ಹರಿದು ಬಂದಿರುವುದಿಲ್ಲ. ಅದು ಸಿಗುವುದು ಈ ಹಳದಿ ಹಾಲಿನಿಂದ ಮಾತ್ರ, ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಮೊದಲ ಅರ್ಧ ಗಂಟೆಯಲ್ಲೇ ಬಾಯಿಗೆ ಬೀಳಬೇಕು. ಎರಡು ಕಿಲೋ ಮರಿಗೆ ಆ ದಿನದಲ್ಲಿ ಬಿಟ್ಟುಬಿಟ್ಟು ಇನ್ನೂರು ಮಿಲಿಯಾದರೂ ಹೋಗಬೇಕು. ಮರಿ ಎದ್ದು, ಬಿದ್ದು, ಮತ್ತೆ ಎದ್ದು ತಾಯಿಯ ಮುಂಗಾಲ ಸಂದಿನಲ್ಲಿ ಮೊಲೆ ಹುಡುಕುತ್ತಿದೆ. ದೊಡ್ಡಮ್ಮ ಮೊಲೆಯ ತುದಿಯ ಬಿರಡೆಯನ್ನು ಹಿಂಡಿ ತೆಗೆದು ಮರಿಯ ಬಾಯಿಗಿಡುತ್ತಾರೆ. ಬಾಲ ಪಟಪಟ ಅಲ್ಲಾಡಲು ಶುರುವಾಯಿತೋ, ಹಾಲು ಒಳಗೆ ಹೋಗುತ್ತಿದೆ ಅಂತ ಅರ್ಥ.

ಇದಾದ ಮೇಲಿನದು ಲೆಕ್ಕದ ಮಾತು, ಬೇಗ ಹೇಳುತ್ತೇನೆ. ಹೆಣ್ಣುಮರಿ ಮಾರಬೇಡಿ, ಅದು ನಿಮ್ಮ ಹಿಂಡು. ಗಂಡುಮರಿಗೆ ಬೆಲೆ ಬರುವುದು ಬಕ್ರೀದ್, ಯುಗಾದಿಯ ಮಾರನೆಯ ದಿನದ ಹೊಸತೊಡಕು, ಊರಮ್ಮನ ಜಾತ್ರೆಗಳ ಆಸುಪಾಸಿನಲ್ಲಿ. ಮಾರುವ ದಿನವನ್ನು ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಹೋತಕ್ಕೆ ಬಿಡುವವರೇ ಜಾಣರು. ಬೆದೆ ತಪ್ಪಿದರೆ ಮತ್ತೆ ಮೂರು ವಾರಕ್ಕೆ ಬರುತ್ತದೆ. ಅಟ್ಟಣಿಗೆಯ ಕೆಳಗಿನ ಗೊಬ್ಬರ ನಿಮ್ಮದೇ ಅಗಸೆ ಸಾಲಿಗೆ.

ಸರ್ಕಾರದ ಯೋಜನೆಗಳ ಆಸೆ ಹುಟ್ಟುವುದು ಸಹಜ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 500 ಹೆಣ್ಣು, 25 ಗಂಡಿನ ಘಟಕಕ್ಕೆ 50 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ಯೋಜನೆ ಕೆಟ್ಟದ್ದಲ್ಲ. ಆದರೆ ಒಂದು ಮೇಕೆಯನ್ನೂ ಈಯಿಸಿ ನೋಡದವರು ಐನೂರು ಕಟ್ಟುವುದು ನನ್ನ ದೃಷ್ಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕುವುದೇ ಹೊರತು ಮೇಕೆ ಸಾಕುವುದಲ್ಲ. ಮೂರು ಆರಾಗಲಿ, ಆರು ಹತ್ತಾಗಲಿ. ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ದಾಟಿದ ಹಿಂಡು ಕೈಯಲ್ಲಿದ್ದರೆ ಬ್ಯಾಂಕಿನ ಮುಂದೆ ಕೂತಾಗ ಮಾತೂ ಬೇರೆ ಇರುತ್ತದೆ.

ಓದಿದ ಮೇಲೂ ಆಸೆ ಉಳಿದಿದ್ದರೆ ಈ ಮುಂಗಾರಿಗೆ ಬೇಲಿ ಗುಂಟ ಅಗಸೆ ಬೀಜ ಊರಿ. ಅದು ಬೆಳೆಯುವಷ್ಟರಲ್ಲಿ ನಿಮ್ಮ ಹೋಬಳಿಯ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರ ಪರಿಚಯ ಮಾಡಿಕೊಳ್ಳಿ. ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಯುವ ಉಚಿತ ನಂಬರು 1962. ಮೇಕೆ ಮನೆಗೆ ಬರುವ ಮೊದಲೇ ಅದು ನಿಮ್ಮ ಫೋನಿನಲ್ಲಿ ಇರಲಿ.